ಡಾ. ರಾಜಾ ರಾಮಣ್ಣ ಮತ್ತು ಬೆಸಸಂಖ್ಯೆಯ ಪರಮಾಣು ಬೀಜಗಳು

ಕನ್ನಡ ನಾಡಿನಲ್ಲಿ ಜನಿಸಿ ಭಾರತದ ಪರಮಾಣು ವಿಜ್ಞಾನಕ್ಕೆ ರೂಪು ಕೊಟ್ಟ ಮಹನೀಯರಲ್ಲಿ ಡಾ. ರಾಜಾ ರಾಮಣ್ಣನವರ ಹೆಸರು ಮೊದಲ ಸಾಲಿನಲ್ಲಿ ನಿಲ್ಲುತ್ತದೆ. ಜನಸಾಮಾನ್ಯರು ಅವರನ್ನು ನೆನೆಯುವುದು 1974ರ ಪೋಖರಣ್ ಸ್ಫೋಟದ ಮೂಲಕ. ಅವರು ವಹಿಸಿದ ಅಧಿಕಾರಗಳು, ಪಡೆದ ಪ್ರಶಸ್ತಿಗಳು ಎಲ್ಲರಿಗೂ ತಿಳಿದಿವೆ. ಅವರ ಆಯುಷ್ಯದ ಕೆಲಸವೆಲ್ಲ ಯಾವ ತತ್ತ್ವದ ಮೇಲೆ ನಿಂತಿತ್ತೆಂಬುದು ಮಾತ್ರ ಅಷ್ಟಾಗಿ ತಿಳಿದಿಲ್ಲ. ಪರಮಾಣುವಿನ ಬೀಜದೊಳಗಿರುವ ಕಣಗಳ ಸಂಖ್ಯೆ ಸಮವೋ ಬೆಸವೋ ಎಂಬ, ಪ್ರಾಥಮಿಕ ಶಾಲೆಯ ಮಗುವೂ ಕೇಳಬಲ್ಲ ಪ್ರಶ್ನೆಯೇ ಆ ತತ್ತ್ವದ ಮೂಲವಾಗಿದೆ.

ರಾಮಣ್ಣನವರು 1925ನೆಯ ಇಸವಿಯ ಜನವರಿ 28ರಂದು ತುಮಕೂರು ಸೀಮೆಯಲ್ಲಿ ಜನಿಸಿದರು. ತಂದೆ ಬಿ. ರಾಮಣ್ಣನವರು ಮೈಸೂರು ಸಂಸ್ಥಾನದ ನ್ಯಾಯಾಂಗದಲ್ಲಿ ಅಧಿಕಾರಿಗಳಾಗಿದ್ದರು, ತಾಯಿ ರುಕ್ಮಿಣಿಯಮ್ಮನವರು. ಎಳವೆಯಲ್ಲೇ ಬಾಲಕನಿಗೆ ಪಿಯಾನೋ ವಾದ್ಯದ ಪಾಠ ದೊರೆಯಿತು. ವೀಣೆ ಪಿಟೀಲುಗಳ ಆ ಸಂಸ್ಥಾನದಲ್ಲಿ ಪಾಶ್ಚಾತ್ಯ ಸಂಗೀತಕ್ಕೂ ಅರಮನೆಯ ಆಶ್ರಯವಿದ್ದ ಕಾಲವದು. ಮೈಸೂರಿನ ಕಾನ್ವೆಂಟಿನಲ್ಲಿಯೂ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿಯೂ ಓದಿ, ಬಳಿಕ ತಾಂಬರಂನ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಭೌತಶಾಸ್ತ್ರದ ಪದವಿಯನ್ನು ಪಡೆದರು.

ಅವರ ಜೀವನದ ದಿಕ್ಕನ್ನು ನಿರ್ಧರಿಸಿದ ಪರಿಚಯ ಒದಗಿದ್ದು ಸಂಗೀತದ ದೆಸೆಯಿಂದಲೇ. ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನ ಪರೀಕ್ಷಕರಾಗಿ ಬಂದಿದ್ದ ಡಾ. ಆಲ್ಫ್ರೆಡ್ ಮಿಸ್ಟೋವ್‌ಸ್ಕಿಯವರು 1944ರಲ್ಲಿ ಈ ತರುಣನನ್ನು ಡಾ. ಹೋಮಿ ಭಾಭಾ ಅವರಿಗೆ ಪರಿಚಯಿಸಿದರು. ಎರಡನೆಯ ಮಹಾಯುದ್ಧದ ಕಾರಣ ಇಂಗ್ಲೆಂಡಿಗೆ ಮರಳಲಾಗದೆ ಭಾಭಾ ಅವರು ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಕೆಲಸ ಮಾಡುತ್ತಿದ್ದರು. ಇಬ್ಬರಿಗೂ ಮೊಜಾರ್ಟನ ಸಂಗೀತ ಪ್ರಿಯವಾಗಿತ್ತು. ಆ ರಸಿಕತೆಯ ಸಂಬಂಧ ಮುಂದೆ ವಿಜ್ಞಾನದ ಸಂಬಂಧವಾಗಿ ಬೆಳೆಯಿತು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಬೈಜಿಕ ಭೌತಶಾಸ್ತ್ರದಲ್ಲಿ ಸಂಶೋಧನೆ ನಡೆಸಿ ಡಾಕ್ಟರೇಟ್ ಗಳಿಸಿದ ರಾಮಣ್ಣನವರು 1949ರಲ್ಲಿ ಭಾಭಾ ಅವರು ಕಟ್ಟಿದ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯನ್ನು ಸೇರಿದರು.

ಮುಂದಿನ ಸಂಗತಿಗಳು ತಿಳಿಯಬೇಕಾದರೆ ಪರಮಾಣು ಬೀಜದ ಸ್ವಭಾವವನ್ನು ಕೊಂಚ ಅರಿತುಕೊಳ್ಳುವುದು ಅವಶ್ಯ. ಬೀಜದಲ್ಲಿ ಪ್ರೋಟಾನ್ ಮತ್ತು ನ್ಯೂಟ್ರಾನ್ ಎಂಬ ಎರಡು ಬಗೆಯ ಕಣಗಳಿವೆ. ಒಂದೇ ಬಗೆಯ ಎರಡು ಕಣಗಳು ಜೊತೆಗೂಡಿ ಜೋಡಿಯಾದಾಗ ಅವುಗಳ ಬಂಧನ ಬಿಗಿಯಾಗುತ್ತದೆ. ಕಣಗಳ ಸಂಖ್ಯೆ ಬೆಸವಾಗಿದ್ದರೆ ಒಂದು ಕಣಕ್ಕೆ ಜೋಡಿ ಸಿಗುವುದಿಲ್ಲ, ಅದು ಒಂಟಿಯಾಗಿ ಉಳಿದು ಸಡಿಲವಾಗಿ ಅಂಟಿಕೊಂಡಿರುತ್ತದೆ. 1935ರಲ್ಲಿ ಜರ್ಮನಿಯ ವೈಟ್‌ಸ್ಯಾಕರನು ಬೀಜವನ್ನು ನೀರಿನ ಹನಿಗೆ ಹೋಲಿಸಿ ಅದರ ಶಕ್ತಿಯನ್ನು ಎಣಿಸುವ ಸೂತ್ರವೊಂದನ್ನು ರಚಿಸಿದಾಗ, ಹನಿಯ ಗಾತ್ರ, ಮೇಲ್ಮೈ, ವಿದ್ಯುದಾವೇಶ ಇತ್ಯಾದಿಗಳ ಲೆಕ್ಕದ ಜೊತೆಗೆ ಸಮ-ಬೆಸಗಳಿಗಾಗಿಯೇ ಒಂದು ಪದವನ್ನು ಸೇರಿಸಬೇಕಾಯಿತು. ಅದಿಲ್ಲದೆ ಲೆಕ್ಕ ಪ್ರಕೃತಿಯೊಡನೆ ತಾಳೆಯಾಗುತ್ತಿರಲಿಲ್ಲ. ಪ್ರೋಟಾನ್ ನ್ಯೂಟ್ರಾನ್ ಎರಡೂ ಬೆಸವಾಗಿದ್ದು ಸ್ಥಿರವಾಗಿ ಉಳಿದಿರುವ ಹಗುರ ಬೀಜಗಳು ನಾಲ್ಕೇ ನಾಲ್ಕು: ಡ್ಯುಟೀರಿಯಂ, ಲಿಥಿಯಂ-6, ಬೋರಾನ್-10, ನೈಟ್ರೋಜನ್-14. ಪ್ರಕೃತಿಗೆ ಜೋಡಿಯ ಮೇಲೆ ಎಷ್ಟು ಒಲವು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಈ ಪುಟ್ಟ ವ್ಯತ್ಯಾಸ ಯುರೇನಿಯಮ್ಮಿನಲ್ಲಿ ಏನು ಮಾಡುತ್ತದೆಂಬುದನ್ನು 1939ರಲ್ಲಿ ನೀಲ್ಸ್ ಬೋರ್ ಮತ್ತು ಜಾನ್ ವ್ಹೀಲರ್ ತೋರಿಸಿಕೊಟ್ಟರು. ಯುರೇನಿಯಂ-235ರಲ್ಲಿ ನ್ಯೂಟ್ರಾನುಗಳು 143, ಅಂದರೆ ಬೆಸ. ಹೊರಗಿನಿಂದ ಬಂದ ನ್ಯೂಟ್ರಾನೊಂದು ಅದನ್ನು ಹೊಕ್ಕರೆ ಒಳಗಿನ ಒಂಟಿ ಕಣಕ್ಕೆ ಜೋಡಿ ಸಿಕ್ಕಿ, ಸುಮಾರು 65 ಲಕ್ಷ ಇಲೆಕ್ಟ್ರಾನ್ ವೋಲ್ಟಿನಷ್ಟು ಶಕ್ತಿ ಬಿಡುಗಡೆಯಾಗುತ್ತದೆ. ಬೀಜ ಸೀಳಿಹೋಗಲು ದಾಟಬೇಕಾದ ತಡೆ 60 ಲಕ್ಷದ ಆಸುಪಾಸಿನದು. ಆದ್ದರಿಂದ ಬಂದ ನ್ಯೂಟ್ರಾನ್ ಎಷ್ಟೇ ನಿಧಾನವಾಗಿ ಬಂದಿರಲಿ, ಬೀಜ ಒಡೆಯುತ್ತದೆ. ಯುರೇನಿಯಂ-238ರಲ್ಲಾದರೋ ನ್ಯೂಟ್ರಾನುಗಳು 146. ಹೊಸದಾಗಿ ಬಂದದ್ದೇ ಒಂಟಿಯಾಗಬೇಕು. ಹಾಗಾಗಿ ದೊರೆಯುವ ಶಕ್ತಿ 48 ಲಕ್ಷ ಮಾತ್ರ. ತಡೆಯನ್ನು ದಾಟಲು ಅದು ಸಾಲದು. ನೂರು ಲಕ್ಷವೂ ಇಲ್ಲದ ಮೊತ್ತಗಳಲ್ಲಿ ಹದಿನೇಳು ಲಕ್ಷದ ಅಂತರ! ಪ್ರಪಂಚದ ರಿಯಾಕ್ಟರುಗಳೂ ಬಾಂಬುಗಳೂ ಈ ಅಂತರದ ಕೂಸುಗಳು. ಪ್ರಕೃತಿಯಲ್ಲಿ ಸಿಗುವ ಯುರೇನಿಯಮ್ಮಿನ ಪ್ರತಿ ಸಾವಿರ ಪರಮಾಣುಗಳಲ್ಲಿ ಈ ಬೆಸ ಐಸೋಟೋಪಿನವು ಸುಮಾರು ಏಳು ಮಾತ್ರ ಇರುವುದು ಮನುಕುಲದ ಅದೃಷ್ಟವೋ ದುರದೃಷ್ಟವೋ ಹೇಳುವುದು ಕಷ್ಟ.

ರಾಮಣ್ಣನವರು ವೃತ್ತಿಗೆ ಕಾಲಿಟ್ಟ ವರ್ಷಗಳು ಈ ವಿಜ್ಞಾನದ ವಸಂತಕಾಲ. 1949ರಲ್ಲಿ ಅಮೆರಿಕದ ಮರಿಯಾ ಗೆಪರ್ಟ್ ಮೇಯರ್ ಮತ್ತು ಜರ್ಮನಿಯ ಯೆನ್ಸನ್ ಬಳಗದವರು ಬೀಜದೊಳಗಿನ ಕಣಗಳು ಚಿಪ್ಪು ಚಿಪ್ಪಾಗಿ ತುಂಬುತ್ತವೆಂದೂ ಬೆಸಸಂಖ್ಯೆಯ ಬೀಜದ ಭ್ರಮಣ ಮುಂತಾದ ಗುಣಗಳನ್ನು ಬಹುಮಟ್ಟಿಗೆ ಆ ಕೊನೆಯ ಒಂಟಿ ಕಣವೇ ನಿರ್ಧರಿಸುತ್ತದೆಂದೂ ತೋರಿಸಿದ್ದರು. 1955ರಲ್ಲಿ ಸ್ವೀಡನ್ನಿನ ನಿಲ್ಸನ್ ಅದೇ ಲೆಕ್ಕವನ್ನು ಉದ್ದುದ್ದನೆಯ ಬೀಜಗಳಿಗೂ ವಿಸ್ತರಿಸಿದ. 1958ರಲ್ಲಿ ಓಗೆ ಬೋರ್, ಮೊಟೆಲ್ಸನ್ ಮತ್ತು ಪೈನ್ಸ್ ಅವರು ಬೀಜದೊಳಗಿನ ಜೋಡಿಗಳನ್ನು ಅತಿವಾಹಕ ಲೋಹಗಳಲ್ಲಿನ ಇಲೆಕ್ಟ್ರಾನ್ ಜೋಡಿಗಳಿಗೆ ಹೋಲಿಸಿದರು.

ಆದರೂ ಬೆಸ ಬೀಜಗಳ ಶಕ್ತಿಮಟ್ಟಗಳನ್ನು ಲೆಕ್ಕದಿಂದ ಕರಾರುವಾಕ್ಕಾಗಿ ಹೇಳುವುದು ಅಂದಿಗೂ ಇಂದಿಗೂ ಸುಲಭವಲ್ಲ. ಸಮ ಬೀಜದಲ್ಲಿ ಒಂದು ಜೋಡಿಯನ್ನು ಮುರಿಯಲು ಹತ್ತು ಲಕ್ಷ ಇಲೆಕ್ಟ್ರಾನ್ ವೋಲ್ಟಿನ ಆಸುಪಾಸಿನ ಶಕ್ತಿ ಬೇಕು; ಆದುದರಿಂದ ಕೆಳಗಿನ ಮಟ್ಟಗಳು ವಿರಳ. ಬೆಸ ಬೀಜದ ಒಂಟಿ ಕಣಕ್ಕಾದರೆ ಮುರಿಯಬೇಕಾದ ಜೋಡಿಯೇ ಇಲ್ಲ. ಅಕ್ಕಪಕ್ಕದ ಸ್ಥಾನಗಳಿಗೆ ಅದು ನಿರಾಯಾಸವಾಗಿ ಜಿಗಿಯಬಲ್ಲುದು. ಮಟ್ಟಗಳು ಒತ್ತೊತ್ತಾಗಿ ಕಿಕ್ಕಿರಿದಿರುತ್ತವೆ. ಅದರ ಮೇಲೆ ಈ ಒಂಟಿ ಕಣ ತಾನು ಕುಳಿತ ಸ್ಥಾನವನ್ನು ಇತರ ಜೋಡಿಗಳು ಬಳಸದಂತೆ ತಡೆಯುವುದರಿಂದ ಇಡೀ ಬೀಜದ ಜೋಡಿಕಟ್ಟೇ ತುಸು ದುರ್ಬಲವಾಗುತ್ತದೆ. ಅಂದಮೇಲೆ ಒಂದು ಕಣದ ಲೆಕ್ಕ ಮಾಡಹೊರಟವರು ಎಲ್ಲ ಕಣಗಳ ಲೆಕ್ಕವನ್ನೂ ಮತ್ತೆ ಮಾಡಬೇಕಾಗುತ್ತದೆ. ಯುರೇನಿಯಂ-235ರ ಮೊದಲ ಮೇಲ್ಮಟ್ಟ ತಳದಿಂದ ಕೇವಲ 76 ಇಲೆಕ್ಟ್ರಾನ್ ವೋಲ್ಟ್ ಎತ್ತರದಲ್ಲಿದೆ. ಥೋರಿಯಂ-229ರದ್ದು ಇನ್ನೂ ವಿಚಿತ್ರ, 8.4 ಇಲೆಕ್ಟ್ರಾನ್ ವೋಲ್ಟ್ ಮಾತ್ರ. 2024ರಲ್ಲಿ ಯುರೋಪಿನ ವಿಜ್ಞಾನಿಗಳು ಲೇಸರ್ ಬೆಳಕಿನಿಂದಲೇ ಆ ಬೀಜವನ್ನು ಮೇಲಿನ ಮಟ್ಟಕ್ಕೇರಿಸಿದರು. ಅತ್ಯುತ್ತಮ ಸಿದ್ಧಾಂತಗಳೂ ಭಾರಬೀಜದ ಮಟ್ಟಗಳನ್ನು ಹೇಳುವಾಗ ಸಹಸ್ರಾರು ಇಲೆಕ್ಟ್ರಾನ್ ವೋಲ್ಟುಗಳಷ್ಟು ತಪ್ಪುವುದು ಸಾಮಾನ್ಯವಾದ ಕಾರಣ, ಇಂಥ ಮಟ್ಟವನ್ನು ಅಳೆದು ಕಂಡುಕೊಳ್ಳಬೇಕೇ ಹೊರತು ಲೆಕ್ಕದಿಂದ ಮುಂಗಾಣುವಂತಿಲ್ಲ.

ತ್ರಾಂಬೆಯಲ್ಲಿ 1956ರ ಆಗಸ್ಟ್ 4ರಂದು ಏಷ್ಯದ ಮೊದಲ ರಿಯಾಕ್ಟರುಗಳಲ್ಲೊಂದಾದ ಅಪ್ಸರಾ ಚಾಲನೆಗೊಂಡಾಗ ರಾಮಣ್ಣನವರು ಅದನ್ನು ನಡೆಸಿದ ಬಳಗದಲ್ಲಿದ್ದರು. ಅಲ್ಲಿ ಉರುವಲಾಗಿ ಉಪಯೋಗವಾದದ್ದು ಬೆಸ ಐಸೋಟೋಪನ್ನು ಹೆಚ್ಚಿಸಿದ, ಬ್ರಿಟನ್ನಿನಿಂದ ಬಂದ ಯುರೇನಿಯಂ. ಮರುವರ್ಷ ಅವರ ನೇತೃತ್ವದಲ್ಲಿ ತ್ರಾಂಬೆಯ ತರಬೇತಿ ಶಾಲೆ ಪ್ರಾರಂಭವಾಯಿತು. ಪರದೇಶದ ಪದವಿಗಾಗಿ ಕಾಯದೆ ಇಲ್ಲಿಯ ಹುಡುಗರನ್ನು ಇಲ್ಲಿಯೇ ಪಳಗಿಸಬೇಕೆಂಬ ಹಟದಿಂದ ಹುಟ್ಟಿದ ಈ ಶಾಲೆಯಿಂದ ಹೊರಬಂದವರೇ ಮುಂದೆ ದೇಶದ ಪರಮಾಣು ಸಂಸ್ಥೆಗಳನ್ನು ನಡೆಸಿದರು. ರಾಮಣ್ಣನವರ ಕೆಲಸಗಳಲ್ಲಿ ಹೆಚ್ಚು ಕಾಲ ಫಲ ಕೊಟ್ಟದ್ದು ಯಾವುದೆಂದು ಆರಿಸಬೇಕಾದರೆ ಈ ಶಾಲೆಯನ್ನೇ ಹೆಸರಿಸುವುದು ನ್ಯಾಯ.

ಅಪ್ಸರಾದಿಂದ ಹೊರಬರುವ ನ್ಯೂಟ್ರಾನುಗಳನ್ನು ಬಳಸಿ ಅವರು ತಮ್ಮ ಶಿಷ್ಯರೊಡನೆ ಬೈಜಿಕ ವಿದಳನದ ಪ್ರಯೋಗಗಳಲ್ಲಿ ತೊಡಗಿದರು. ಅಲ್ಲಿ ಒಂದು ಒಗಟು ಎಲ್ಲರನ್ನೂ ಕಾಡುತ್ತಿತ್ತು. ನೀರಹನಿಯ ಸೂತ್ರವನ್ನು ನಂಬಿದರೆ ಯುರೇನಿಯಂ ಬೀಜ ಎರಡು ಸರಿಸಮ ತುಂಡುಗಳಾಗಬೇಕು. ವಾಸ್ತವದಲ್ಲಿ ಒಂದು ತುಂಡು 95ರ ಸುಮಾರಿಗೂ ಇನ್ನೊಂದು 140ರ ಸುಮಾರಿಗೂ ತೂಗುತ್ತದೆ. ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಳ್ಳುವಾಗ ಒಬ್ಬನಿಗೆ ಹೆಚ್ಚು ಗದ್ದೆ ಹೋದಂತೆ. 1964ರಲ್ಲಿ ರಾಮಣ್ಣನವರು ಇದಕ್ಕೆ ತಮ್ಮದೇ ಆದ ಒಂದು ವಿವರಣೆಯನ್ನು ಮುಂದಿಟ್ಟರು. ಬೀಜ ಪೂರ್ತಿ ಹರಿಯುವ ಮುನ್ನ ಎರಡು ಭಾಗಗಳು ಸಣ್ಣ ಕೊರಳಿನಿಂದ ಕೂಡಿಕೊಂಡಿರುತ್ತವೆ. ಆ ಕೊರಳಿನ ಮೂಲಕ ಕಣಗಳು ಒಂದೊಂದಾಗಿ ಯಾದೃಚ್ಛಿಕವಾಗಿ ಅತ್ತಿಂದಿತ್ತ ಹೋಗಿಬರುತ್ತವೆ. ಆ ವಿನಿಮಯದ ಕೊನೆಯಲ್ಲಿ ಯಾವ ಹಂಚಿಕೆ ಉಳಿಯುತ್ತದೋ ಅದೇ ತುಂಡುಗಳ ತೂಕ. ಒಂದು ಕಣ ದಾಟಿದೊಡನೆ ಸಮವಾಗಿದ್ದ ಭಾಗ ಬೆಸವಾಗುತ್ತದೆ, ಬೆಸವಾಗಿದ್ದುದು ಸಮವಾಗುತ್ತದೆ. ಆದ್ದರಿಂದ ಪ್ರತಿ ಹೆಜ್ಜೆಯಲ್ಲೂ ಕಣ ದಾಟುವ ಸಂಭಾವ್ಯತೆಯನ್ನು ಎಣಿಸಬೇಕಾದರೆ, ಕೊಡುವ ಮತ್ತು ಕೊಳ್ಳುವ ಎರಡೂ ಭಾಗಗಳಲ್ಲಿ ಕೊನೆಯ ಕಣಗಳ ಶಕ್ತಿಮಟ್ಟಗಳು ತಿಳಿದಿರಬೇಕು. ಚಿಪ್ಪು ತುಂಬಿದ ಭಾಗ ತನ್ನ ಕಣಗಳನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. 50 ಪ್ರೋಟಾನ್, 82 ನ್ಯೂಟ್ರಾನುಗಳ ತುಂಬಿದ ಚಿಪ್ಪಿಗೆ ಹತ್ತಿರವಿರುವ ಭಾರವಾದ ತುಂಡು ಹಾಗೆ ತನ್ನ ಪಾಲನ್ನು ಭದ್ರವಾಗಿ ಹಿಡಿದುಕೊಳ್ಳುತ್ತದೆ.

ಶಿಷ್ಯರಾದ ವಿ. ಎಸ್. ರಾಮಮೂರ್ತಿಯವರೊಡನೆ ಈ ಸಿದ್ಧಾಂತವನ್ನು ಅವರು ವಿಸ್ತರಿಸಿದರು. ತ್ರಾಂಬೆಯ ಅದೇ ಬಳಗ 1970ರ ಸುಮಾರಿಗೆ ಮತ್ತೊಂದು ಮಹತ್ವದ ಅಂಶವನ್ನು ಲೆಕ್ಕಕ್ಕೆ ತಂದಿತು: ಬೀಜ ಬಿಸಿಯೇರಿದಂತೆ ಚಿಪ್ಪುಗಳ ಪ್ರಭಾವ ಕರಗುತ್ತ ಹೋಗಿ ಅದು ಹೆಚ್ಚು ಹೆಚ್ಚು ಸಾದಾ ಹನಿಯಂತೆ ವರ್ತಿಸುತ್ತದೆ. ಈ ಮಾತು ವಿಶ್ವದಾದ್ಯಂತ ಅಂಗೀಕೃತವಾಯಿತು. ಕಣ ವಿನಿಮಯದ ಸಿದ್ಧಾಂತಕ್ಕೆ ಆ ಅದೃಷ್ಟವಿರಲಿಲ್ಲವೆಂಬುದನ್ನೂ ಹೇಳಬೇಕು. 1967ರಲ್ಲಿ ಸೋವಿಯತ್ ದೇಶದ ಸ್ಟ್ರುಟಿನ್ಸ್ಕಿ ಹನಿಯ ಶಕ್ತಿಗೆ ಚಿಪ್ಪಿನ ತಿದ್ದುಪಡಿಯನ್ನು ಕೂಡಿಸುವ ವಿಧಾನವನ್ನು ಕೊಟ್ಟ ಮೇಲೆ ಲೋಕದ ವಿದ್ವಾಂಸರು ಬಹುಮಟ್ಟಿಗೆ ಆ ಹಾದಿಯನ್ನೇ ಹಿಡಿದರು. ಪಠ್ಯಪುಸ್ತಕಗಳಲ್ಲಿ ಉಳಿದುದೂ ಅದೇ. 2011ರಲ್ಲಿ ರಾಂಡ್ರಪ್ ಮತ್ತು ಮೊಲ್ಲರ್ ಎಂಬ ವಿಜ್ಞಾನಿಗಳು ಒಡೆಯುವ ಬೀಜದ ಆಕಾರ ಯಾದೃಚ್ಛಿಕ ಹೆಜ್ಜೆಗಳಲ್ಲಿ ಬದಲಾಗುತ್ತದೆಂದು ಎಣಿಸಿ ತುಂಡುಗಳ ತೂಕವನ್ನು ಚೆನ್ನಾಗಿ ಹೇಳಿದರು. ಅದು ರಾಮಣ್ಣನವರ ಸಿದ್ಧಾಂತದ ಮುಂದುವರಿಕೆಯಲ್ಲ. ಯಾದೃಚ್ಛಿಕ ನಡಿಗೆ ಈ ಒಗಟಿಗೆ ಸಲ್ಲುವ ಸಾಧನವೆಂಬ ಅವರ ಊಹೆ ಮಾತ್ರ ಹುಸಿಯಾಗಿರಲಿಲ್ಲ.

1966ರ ಜನವರಿ 24ರಂದು ಡಾ. ಭಾಭಾ ಅವರು ಆಲ್ಪ್ಸ್ ಪರ್ವತದ ವಿಮಾನಾಪಘಾತದಲ್ಲಿ ಅಸುನೀಗಿದರು. ಆನಂತರದ ವರ್ಷಗಳಲ್ಲಿ ರಾಮಣ್ಣನವರ ಹೆಗಲಿಗೆ ಆಡಳಿತದ ಭಾರ ಏರುತ್ತ ಹೋಗಿ 1972ರಲ್ಲಿ ಅವರು ಭಾಭಾ ಪರಮಾಣು ಸಂಶೋಧನ ಕೇಂದ್ರದ ನಿರ್ದೇಶಕರಾದರು. ಅದೇ ವರ್ಷದ ಮೇ ತಿಂಗಳಲ್ಲಿ ಪ್ಲುಟೋನಿಯಂ ಉರುವಲಿನ ಪೂರ್ಣಿಮಾ ರಿಯಾಕ್ಟರು ಚಾಲನೆಗೊಂಡಿತು. ಪ್ಲುಟೋನಿಯಂ-239ನ್ನು ಪ್ರಕೃತಿ ನಮಗೆ ಕೊಟ್ಟಿಲ್ಲವೆಂದೇ ಹೇಳಬಹುದು. ಸಮಸಂಖ್ಯೆಯ, ಸುಲಭವಾಗಿ ಒಡೆಯದ ಯುರೇನಿಯಂ-238 ಒಂದು ನ್ಯೂಟ್ರಾನನ್ನು ನುಂಗಿ ಎರಡು ಬಾರಿ ಬೀಟಾ ಕಿರಣ ಸೂಸಿದ ಮೇಲೆ, 145 ನ್ಯೂಟ್ರಾನುಗಳ ಬೆಸ ಬೀಜವಾಗಿ ಮಾರ್ಪಡುತ್ತದೆ. ಆಗ ಅದೂ ಯುರೇನಿಯಂ-235ರಂತೆಯೇ ಒಡೆಯಬಲ್ಲುದು. ನಿರುಪಯುಕ್ತವೆನಿಸಿದ್ದ ಸಮ ಬೀಜವನ್ನು ಉಪಯುಕ್ತವಾದ ಬೆಸ ಬೀಜವಾಗಿ ಪರಿವರ್ತಿಸುವುದೇ ಈ ರಸವಾದದ ಗುಟ್ಟು.

ಆ ಪ್ಲುಟೋನಿಯಂ ದೊರೆತದ್ದು ಕೆನಡಾದ ನೆರವಿನಿಂದ ಕಟ್ಟಿದ ಸೈರಸ್ ರಿಯಾಕ್ಟರಿನಿಂದ. ಶಾಂತಿಯ ಉದ್ದೇಶಕ್ಕೆಂದು ಬಂದ ನೆರವು ಅದು. 1974ರ ಮೇ 18ರ ಬೆಳಿಗ್ಗೆ ರಾಜಸ್ಥಾನದ ಮರುಭೂಮಿಯ ಅಡಿಯಲ್ಲಿ ನಡೆದ ಸ್ಫೋಟವನ್ನು ಸರಕಾರ ಶಾಂತಿಯುತ ಪ್ರಯೋಗವೆಂದು ಸಾರಿತು. ಅದರ ಹಿಂದಿನ ವಿಜ್ಞಾನಿಗಳ ಮುಂದಾಳು ರಾಮಣ್ಣನವರು. ದೇಶದಲ್ಲಿ ಹರ್ಷ ಉಕ್ಕಿತು. ಮರುವರ್ಷ ಅವರಿಗೆ ಪದ್ಮವಿಭೂಷಣ ಬಂದಿತು. ಹೊರಗೆ ಕೆನಡಾ ತನ್ನ ನೆರವನ್ನು ನಿಲ್ಲಿಸಿತು. ಬೈಜಿಕ ಸಾಮಗ್ರಿಗಳನ್ನು ಪೂರೈಸುವ ರಾಷ್ಟ್ರಗಳು ಕೂಟ ಕಟ್ಟಿ ಬಾಗಿಲು ಮುಚ್ಚಿದವು. ರಿಯಾಕ್ಟರು ಕಟ್ಟುವವರು ದಶಕಗಳ ಕಾಲ ಒಂದೊಂದು ಬಿಡಿಭಾಗಕ್ಕೂ ಪರದಾಡಿದರು. ಈ ಬೆಲೆಯನ್ನು ತೆತ್ತದ್ದರಿಂದ ಸ್ವಾವಲಂಬನೆ ಬಂತೆಂದು ಹೇಳುವವರಿದ್ದಾರೆ. ವಿದ್ಯುತ್ತಿನ ಕಾರ್ಯಕ್ರಮ ಹಿಂದೆ ಬಿತ್ತೆಂದು ಹೇಳುವವರೂ ಇದ್ದಾರೆ. ಎರಡೂ ಮಾತುಗಳಲ್ಲಿ ಹುರುಳಿದೆ. ಅದು ಬಾಂಬಿನ ಪರೀಕ್ಷೆಯೇ ಆಗಿತ್ತೆಂದು 1997ರಲ್ಲಿ ರಾಮಣ್ಣನವರೇ ಬಹಿರಂಗವಾಗಿ ಒಪ್ಪಿಕೊಂಡರು. ಇಪ್ಪತ್ತಮೂರು ವರ್ಷಗಳ ಬಳಿಕವಾದರೂ ಆ ಸತ್ಯ ಅವರ ಬಾಯಿಂದಲೇ ಹೊರಬಂದದ್ದು ಗಮನಾರ್ಹ.

ರಕ್ಷಣಾ ಇಲಾಖೆಯ ವೈಜ್ಞಾನಿಕ ಸಲಹೆಗಾರರಾಗಿ ಕೆಲಕಾಲ ಇದ್ದು, 1983ರಿಂದ 1987ರವರೆಗೆ ಅವರು ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾದರು. ಉತ್ತರ ಕನ್ನಡದ ಕೈಗಾ ಯೋಜನೆ ರೂಪುಗೊಂಡದ್ದು ಆ ಕಾಲದಲ್ಲಿ. ಇಲ್ಲಿ ನಾಡಿನ ಎರಡು ದೊಡ್ಡ ಚೇತನಗಳು ಎದುರುಬದುರಾಗಿ ನಿಂತವು. ನಮ್ಮ ಉಡುಪಿ ಸೀಮೆಯ ಕೋಟದಲ್ಲಿ ಹುಟ್ಟಿದ ಡಾ. ಶಿವರಾಮ ಕಾರಂತರು ಕಾಳಿ ಕಣಿವೆಯ ಕಾಡು, ಜನ, ಜೀವಸಂಕುಲಗಳ ಪರವಾಗಿ ಯೋಜನೆಯನ್ನು ವಿರೋಧಿಸಿದರು. ಎಂಬತ್ತೇಳರ ಇಳಿವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ಆ ಜಿಲ್ಲೆಯಿಂದ ಸ್ಪರ್ಧಿಸಿ ಸೋತರು. 1994ರ ಮೇ ತಿಂಗಳಲ್ಲಿ, ಇನ್ನೂ ನಿರ್ಮಾಣ ಹಂತದಲ್ಲಿದ್ದ ಮೊದಲ ಘಟಕದ ಕಾಂಕ್ರೀಟ್ ಗುಮ್ಮಟದ ಒಳಭಾಗ ಕುಸಿದುಬಿದ್ದಾಗ, ಉರುವಲು ತುಂಬಿರಲಿಲ್ಲವಾದ್ದರಿಂದ ದೊಡ್ಡ ಅನಾಹುತವಾಗಲಿಲ್ಲ. ವಿರೋಧಿಸಿದವರ ಆತಂಕ ಬರಿಯ ಕಲ್ಪನೆಯಲ್ಲವೆಂಬುದಂತೂ ಎಲ್ಲರಿಗೂ ಮನವರಿಕೆಯಾಯಿತು. ಗುಮ್ಮಟವನ್ನು ಮತ್ತೆ ವಿನ್ಯಾಸಗೊಳಿಸಿ ಕಟ್ಟಲಾಯಿತು. 2000ದಲ್ಲಿ ವಿದ್ಯುತ್ ಕೊಡತೊಡಗಿದ ಕೈಗಾದ ಮೊದಲ ಘಟಕ 2018ರ ಕೊನೆಗೆ 962 ದಿನಗಳ ಕಾಲ ಎಡೆಬಿಡದೆ ನಡೆದು ಜಾಗತಿಕ ದಾಖಲೆ ಮಾಡಿತು. ಸಾವಿರದಲ್ಲಿ ಏಳರಷ್ಟಿರುವ ಆ ಬೆಸ ಬೀಜಗಳನ್ನು ಸಂವರ್ಧಿಸದೆ, ಭಾರಜಲದ ಸಹಾಯದಿಂದ ನ್ಯೂಟ್ರಾನುಗಳನ್ನು ನಿಧಾನಗೊಳಿಸಿಯೇ ಅಲ್ಲಿ ಉರಿಸುತ್ತಾರೆ.

ಭಾಭಾ ಅವರು ಹಾಕಿಕೊಟ್ಟ, ರಾಮಣ್ಣನವರು ನಂಬಿ ನಡೆದ ಯೋಜನೆಯ ಕೊನೆಯ ಹಂತ ಥೋರಿಯಂ. ಅಜೆಕಾರು, ಕಾರ್ಕಳಗಳ ಮಕ್ಕಳಿಗೆ ಈ ಧಾತು ದೂರದ್ದಲ್ಲ. 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ಕಡೆದಂಥ ಗಟ್ಟಿ ಬಂಡೆಗಳಲ್ಲಿ ಸಾಮಾನ್ಯವಾಗಿ ಹತ್ತು ಲಕ್ಷಕ್ಕೆ ಕೆಲವೇ ಪಾಲಿನಷ್ಟು ಯುರೇನಿಯಮ್ಮೂ ಅದರ ಹಲವು ಪಟ್ಟು ಥೋರಿಯಮ್ಮೂ ಇರುತ್ತವೆ. ಮಳೆ, ನದಿ, ಕಡಲ ತೆರೆಗಳು ಯುಗಯುಗಗಳ ಕಾಲ ಬಂಡೆಯನ್ನು ಸವೆಸಿ, ಭಾರವಾದ ಮೊನಜೈಟ್ ಕಾಳುಗಳನ್ನು ತೀರದಲ್ಲಿ ಬೇರ್ಪಡಿಸುತ್ತವೆ. ಕೇರಳದ ಕಡಲತೀರದಲ್ಲಿ ಇದರ ದೊಡ್ಡ ನಿಕ್ಷೇಪವಿದೆ. ಥೋರಿಯಂ-232 ಸಮ ಬೀಜ, 142 ನ್ಯೂಟ್ರಾನುಗಳು. ನೇರವಾಗಿ ಉರಿಯಲೊಲ್ಲದು. ನ್ಯೂಟ್ರಾನೊಂದನ್ನು ಹೀರಿ ಒಂದು ತಿಂಗಳ ಆಸುಪಾಸಿನಲ್ಲಿ ಬಹುಪಾಲು ಯುರೇನಿಯಂ-233 ಆಗಿ ಮಾರ್ಪಟ್ಟಾಗ ನ್ಯೂಟ್ರಾನುಗಳು 141 ಆಗಿ ಅದು ಉರಿಯಬಲ್ಲ ಉರುವಲಾಗುತ್ತದೆ. ಕಲ್ಪಾಕ್ಕಂನ ಕಾಮಿನಿ ಎಂಬ ಪುಟ್ಟ ರಿಯಾಕ್ಟರು 1996ರಲ್ಲಿ ಈ ಉರುವಲಿನಿಂದ ಚಾಲನೆಗೊಂಡಿತು. ಅದರ ಶಕ್ತಿ 30 ಕಿಲೋವಾಟ್ ಮಾತ್ರ. ಊರಿಗೆ ಬೆಳಕು ಕೊಡುವ ಥೋರಿಯಂ ಸ್ಥಾವರ ಇನ್ನೂ ಬರಬೇಕಾಗಿದೆ.

ಅಧಿಕಾರದಿಂದ ನಿವೃತ್ತರಾದ ಮೇಲೆ ರಾಮಣ್ಣನವರು ಬೆಂಗಳೂರಿಗೆ ಮರಳಿ, ಜೆ. ಆರ್. ಡಿ. ಟಾಟಾ ಅವರ ಆಶಯದಂತೆ ಪ್ರಾರಂಭವಾದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಮೊದಲ ನಿರ್ದೇಶಕರಾದರು. ವಿಜ್ಞಾನಿಗಳನ್ನೂ ಆಡಳಿತಗಾರರನ್ನೂ ತತ್ತ್ವಶಾಸ್ತ್ರಜ್ಞರನ್ನೂ ಒಂದೇ ಸೂರಿನಡಿ ಕೂಡಿಸುವುದು ಅದರ ಗುರಿ. 1990ರಲ್ಲಿ ಕೆಲವು ತಿಂಗಳು ಕೇಂದ್ರದಲ್ಲಿ ರಕ್ಷಣಾ ಖಾತೆಯ ರಾಜ್ಯ ಸಚಿವರಾಗಿಯೂ 1997ರಿಂದ ಆರು ವರ್ಷ ರಾಜ್ಯಸಭೆಯ ನಾಮಕರಣ ಸದಸ್ಯರಾಗಿಯೂ ಇದ್ದರು. 1991ರಲ್ಲಿ ಆತ್ಮಕಥೆಯನ್ನೂ 1993ರಲ್ಲಿ ರಾಗಪದ್ಧತಿ ಮತ್ತು ಪಾಶ್ಚಾತ್ಯ ಪದ್ಧತಿಗಳ ಸಂಗೀತರಚನೆಯನ್ನು ಹೋಲಿಸುವ ಗ್ರಂಥವೊಂದನ್ನೂ ಪ್ರಕಟಿಸಿದರು. ಎಷ್ಟೇ ಕೆಲಸಗಳ ನಡುವೆಯೂ ಅವರು ಪಿಯಾನೋವನ್ನು ಬಿಡಲಿಲ್ಲ, ಕಛೇರಿಗಳನ್ನೂ ನೀಡುತ್ತಿದ್ದರು.

2004ರ ಸೆಪ್ಟೆಂಬರ್ 24ರಂದು ಮುಂಬಯಿಯಲ್ಲಿ, ತಮ್ಮ 79ನೆಯ ವಯಸ್ಸಿನಲ್ಲಿ ರಾಮಣ್ಣನವರು ತೀರಿಕೊಂಡರು. ಅವರ ಅಧ್ಯಕ್ಷತೆಯ ಅವಧಿಯಲ್ಲಿ ಇಂದೂರಿನಲ್ಲಿ ಅಸ್ತಿಭಾರ ಹಾಕಿದ ಉನ್ನತ ತಂತ್ರಜ್ಞಾನ ಕೇಂದ್ರಕ್ಕೆ 2005ರ ಡಿಸೆಂಬರಿನಲ್ಲಿ ಅವರ ಹೆಸರಿಡಲಾಯಿತು. ಲೇಸರುಗಳನ್ನೂ ಕಣವೇಗವರ್ಧಕಗಳನ್ನೂ ಅಲ್ಲಿ ನಿರ್ಮಿಸುತ್ತಾರೆ.